ಕಡಲನ್ನು ಮರೆಸಲು ಕಟ್ಟಿದ ಅರಮನೆ

ಕಡಲಿನ ಮೇಲೆ ಪ್ರಯಾಣ ಮಾಡುವವನಿಗೆ ಕಡಲಿನ ನೆನಪೇ ಬಾರದಂತೆ ಮಾಡುವುದು ಹೇಗೆ? ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿಗೂ ಅಮೆರಿಕಕ್ಕೂ ನಡುವೆ ಹಡಗು ನಡೆಸುತ್ತಿದ್ದ ಕಂಪೆನಿಗಳನ್ನು ಹಗಲಿರುಳು ಕಾಡಿದ ಪ್ರಶ್ನೆ ಇದು. ಲಂಡನ್ನಿನ ಸಿರಿವಂತನಿಗೆ ಬೇಕಾದುದು ನ್ಯೂಯಾರ್ಕು. ನ್ಯೂಯಾರ್ಕಿನವನಿಗೆ ಬೇಕಾದುದು ಲಂಡನ್ನು ಅಥವಾ ಪ್ಯಾರಿಸ್ಸು. ನಡುವೆ ಹಬ್ಬಿದ ಮೂರು ಸಾವಿರ ಮೈಲಿಗಳ ಉಪ್ಪುನೀರು ಇಬ್ಬರಿಗೂ ಬೇಡವಾದುದು. ಅದರಲ್ಲಿಯೂ ಉತ್ತರ ಅಟ್ಲಾಂಟಿಕ್ ಎಂದರೆ ಮಂಜು, ಚಳಿ, ಬಿರುಗಾಳಿ, ಹೊಟ್ಟೆ ತೊಳಸುವ ಅಲೆ. ಆದುದರಿಂದ ಹಡಗಿನ ಒಡಲಿನಲ್ಲಿ ಒಂದು ಅರಮನೆಯನ್ನೇ ಕಟ್ಟಿ, ದೀಪ ಹಚ್ಚಿ, ವಾದ್ಯ ನುಡಿಸಿ, ತಾವು ನೆಲದ ಮೇಲೆಯೇ ಇದ್ದೇವೆಂದು ಪ್ರಯಾಣಿಕರನ್ನು ನಂಬಿಸುವ ಒಂದು ವಿಚಿತ್ರ ಕಲೆ ಬೆಳೆಯಿತು. ಆ ಕಲೆಯ ಶಿಖರವೆಂದು ಹೆಸರಾದ ನೌಕೆಗಳಲ್ಲಿ ಬ್ರಿಟನ್ನಿನ ‘ಕ್ವೀನ್ ಮೇರಿ’ಯೂ ಒಂದು. ಕಡಲನ್ನು ಮರೆಸಲು ಮಾನವನು ಮಾಡಿದ ಏರ್ಪಾಡನ್ನೂ, ಆ ಏರ್ಪಾಡಿಗೆ ಕಡಲು ಕೊಟ್ಟ ಉತ್ತರವನ್ನೂ ಈ ಹಡಗಿನ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಅದು ಹುಟ್ಟಿದ್ದೇ ಕಷ್ಟಕಾಲದಲ್ಲಿ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿ, ಜಾನ್ ಬ್ರೌನ್ ಕಂಪೆನಿಯ ಹಡಗುಕಟ್ಟೆಯಲ್ಲಿ, 1930ರ ಡಿಸೆಂಬರಿನಲ್ಲಿ ಕೆಲಸ ಮೊದಲಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಕ್ಯೂನಾರ್ಡ್ ಕಂಪೆನಿಯನ್ನೂ ಹಿಡಿಯಿತು, ಕೆಲಸ ನಿಂತಿತು. ಸಾವಿರಾರು ಮಂದಿ ಕೂಲಿಕಾರರು ಮನೆಗೆ ಹೋದರು. ಎರಡು ವರ್ಷಕ್ಕೂ ಮೇಲ್ಪಟ್ಟು, ಇನ್ನೂ ಹೆಸರಿಲ್ಲದೆ ‘534’ ಎಂಬ ಅಂಕೆಯಿಂದ ಮಾತ್ರ ಕರೆಯಿಸಿಕೊಳ್ಳುತ್ತಿದ್ದ ಆ ಬೃಹತ್ ಉಕ್ಕಿನ ಒಡಲು ತುಕ್ಕು ಹಿಡಿಯುತ್ತ, ಹಸಿದ ಊರಿನ ನೆತ್ತಿಯ ಮೇಲೆ ನಿಂತಿತ್ತು. ಪ್ರತಿಸ್ಪರ್ಧಿಯಾದ ವೈಟ್ ಸ್ಟಾರ್ ಕಂಪೆನಿಯೊಡನೆ ಒಂದಾಗಬೇಕೆಂಬ ಕರಾರಿನ ಮೇಲೆ ಸರಕಾರ ಸಾಲ ಕೊಡಲೊಪ್ಪಿದಾಗ, 1934ರ ಏಪ್ರಿಲಿನಲ್ಲಿ, ಸುತ್ತಿಗೆಯ ಸದ್ದು ಮತ್ತೆ ಕೇಳಿಸಿತು. ಅದೇ ವರ್ಷದ ಸೆಪ್ಟೆಂಬರ್ 26ರಂದು ಮೇರಿ ರಾಣಿಯವರೇ ಬಂದು ತಮ್ಮ ಹೆಸರಿಟ್ಟು ಅದನ್ನು ನೀರಿಗಿಳಿಸಿದರು. 1936ರ ಮೇ 27ರಂದು ಸೌತಾಂಪ್ಟನ್ ಬಂದರಿನಿಂದ ಮೊದಲ ಯಾನ. ಉದ್ದ 1,019 ಅಡಿ. ಗಾತ್ರ ಸುಮಾರು 81,000 ಟನ್ನು. ಪ್ರಯಾಣಿಕರು ಎರಡು ಸಾವಿರಕ್ಕೂ ಹೆಚ್ಚು, ಅವರ ಸೇವೆಗೂ ಹಡಗಿನ ಚಾಲನೆಗೂ ಸುಮಾರು 1,100 ಮಂದಿ. ಇಬ್ಬರು ಪ್ರಯಾಣಿಕರಿಗೆ ಒಬ್ಬ ನೌಕರ! ಮದುವೆಯ ಮನೆಯಲ್ಲಿ ಬೀಗರಿಗೂ ಇಷ್ಟು ಉಪಚಾರ ಸಿಕ್ಕುವುದು ಅಪರೂಪ.

ಮರದ ಮಂದಿರ

ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಮರ. ಹೊರಗೆಲ್ಲ ಉಕ್ಕು, ಒಳಗೆಲ್ಲ ಮರ. ಬ್ರಿಟಿಷ್ ಸಾಮ್ರಾಜ್ಯದ ನಾನಾ ದೇಶಗಳಿಂದ ತರಿಸಿದ 56 ಬಗೆಯ ಮರಗಳ ತೆಳುಹಲಗೆಗಳನ್ನು ಗೋಡೆಗಳಿಗೆ ಹೊದಿಸಿ, ಕನ್ನಡಿಯಂತೆ ಹೊಳಪು ಕೊಟ್ಟಿದ್ದರು. ಜೇನಿನ ಬಣ್ಣದಿಂದ ಹಿಡಿದು ಕಾಡಿಗೆಯ ಕಪ್ಪಿನವರೆಗೆ ಮರದಲ್ಲಿ ಎಷ್ಟು ವರ್ಣಗಳುಂಟೋ ಅಷ್ಟೂ ಅಲ್ಲಿದ್ದವು. ‘ಸುಂದರ ಮರಗಳ ಹಡಗು’ ಎಂದೇ ಅದಕ್ಕೆ ಹೆಸರು ಬಿದ್ದಿತು. ಸಾಮ್ರಾಜ್ಯದ ಕಾಡುಗಳೆಲ್ಲ ಕೂಡಿ ಒಂದು ವರ್ಗದ ಪ್ರಯಾಣಿಕರ ಬೆನ್ನಿಗೆ ಒರಗು ಕೊಟ್ಟಿದ್ದವೆಂದರೂ ನಡೆದೀತು.

ಮೊದಲ ದರ್ಜೆಯವರ ಮುಖ್ಯ ಲೌಂಜು ವಿಹಾರದ ಅಂತಸ್ತಿನಲ್ಲಿತ್ತು. ಎತ್ತರವಾದ ಚಾವಣಿ, ಮರೆಯಿಂದ ಹೊಮ್ಮುವ ಮೆದು ಬೆಳಕು, ಕೂತವರನ್ನು ಏಳಗೊಡದಂಥ ಆಳವಾದ ಕುರ್ಚಿಗಳು, ಒಂದು ಕೊನೆಯಲ್ಲಿ ರಂಗಸ್ಥಳ. ಮಧ್ಯಾಹ್ನ ನಾಲ್ಕಕ್ಕೆ ಚಹ, ಅದರೊಡನೆ ವಾದ್ಯ. ರಾತ್ರಿ ನೃತ್ಯ ಅಥವಾ ಚಲನಚಿತ್ರ. ಈ ಲೌಂಜಿಗೆಂದು ಡಂಕನ್ ಗ್ರಾಂಟ್ ಎಂಬ ಹೆಸರಾಂತ ಚಿತ್ರಕಾರನಿಂದ ಕಂಪೆನಿಯೇ ದೊಡ್ಡ ಚಿತ್ರಗಳನ್ನು ಬರೆಯಿಸಿತು. ಬರೆದು ಮುಗಿದ ಮೇಲೆ ಬೇಡವೆಂದಿತು. ಕಲಾವಿದರ ವಲಯದಲ್ಲಿ ದೊಡ್ಡ ಗದ್ದಲವೇ ಆಯಿತು. ಹಾಯಾಗಿ ಕೂತಿರಬೇಕಾದ ಪ್ರಯಾಣಿಕನನ್ನು ಚಿತ್ರ ಕೆಣಕಬಾರದು ಎಂಬುದು ಕಂಪೆನಿಯ ಹಿರಿಯರ ಲೆಕ್ಕಾಚಾರವಾಗಿದ್ದಿರಬೇಕು.

ಧೂಮಪಾನದ ಕೋಣೆಯ ಗೋಡೆಯ ಮೇಲಂತೂ ಎಡ್ವರ್ಡ್ ವಾಡ್ಸ್‌ವರ್ತ್ ಬರೆದ ಸಮುದ್ರದ ಚಿತ್ರವೇ ತೂಗುತ್ತಿತ್ತು. ಕಿಟಕಿಯಾಚೆ ನಿಜವಾದ ಸಮುದ್ರ ಮೊರೆಯುತ್ತಿರುವಾಗ, ಅದಕ್ಕೆ ಬೆನ್ನು ಹಾಕಿ, ಚುಟ್ಟಾ ಸೇದುತ್ತ, ಚೌಕಟ್ಟಿನೊಳಗಿನ ಸಮುದ್ರವನ್ನು ನೋಡುವುದು! ಅಲೆ ಏಳದ ಸಮುದ್ರ ಯಾರಿಗೆ ಬೇಡ?

ಭೋಜನಶಾಲೆಯದು ಇನ್ನೊಂದು ಸೋಜಿಗ. ಹಡಗಿನ ಈ ಪಕ್ಕದಿಂದ ಆ ಪಕ್ಕದವರೆಗೆ ಹರಡಿ, ಮೂರು ಅಂತಸ್ತುಗಳೆತ್ತರಕ್ಕೆ ಎದ್ದ ಆ ಸಭಾಂಗಣದಲ್ಲಿ ಮೊದಲ ದರ್ಜೆಯವರೆಲ್ಲರೂ ಒಂದೇ ಪಂಕ್ತಿಗೆ ಕೂತು ಉಣ್ಣಬಹುದಾಗಿತ್ತು. ಒಂದು ಗೋಡೆಯನ್ನು ಮ್ಯಾಕ್‌ಡೊನಾಲ್ಡ್ ಗಿಲ್ ಎಂಬಾತ ಬರೆದ ಅಟ್ಲಾಂಟಿಕ್ ಸಾಗರದ ಬೃಹತ್ ಭೂಪಟ ಆವರಿಸಿತ್ತು. ಎಡಬಲಕ್ಕೆ ಎರಡು ಖಂಡಗಳು. ನಡುವೆ ಬೇಸಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಹಾದಿಗಳು. ಆ ಹಾದಿಯ ಮೇಲೆ ಸ್ಫಟಿಕದ ಪುಟ್ಟ ಹಡಗು. ನಿಜವಾದ ಹಡಗು ಸಾಗಿದಂತೆಲ್ಲ ಸ್ಫಟಿಕದ ಹಡಗೂ ತುಸುತುಸುವೇ ಮುಂದಕ್ಕೆ ಸರಿಯುತ್ತಿತ್ತು. ತುತ್ತಿನ ನಡುವೆ ತಲೆಯೆತ್ತಿದರೆ ಸಾಕು, ದಾರಿ ಇನ್ನೆಷ್ಟು ಉಳಿಯಿತೆಂಬುದು ಕಾಣುತ್ತಿತ್ತು. ಕಡಲನ್ನು ನೋಡದೆಯೇ ಕಡಲಿನ ಸುದ್ದಿ ತಿಳಿಯುವ ಉಪಾಯ!

ಹಿಂಬದಿಯ ಎತ್ತರದಲ್ಲಿ ವೆರಾಂಡಾ ಗ್ರಿಲ್ ಎಂಬ ಇನ್ನೊಂದು ಉಪಾಹಾರಗೃಹವಿತ್ತು. ಡೋರಿಸ್ ಝಿಂಕೈಸನ್ ಬರೆದ ರಂಗುರಂಗಿನ ಭಿತ್ತಿಚಿತ್ರಗಳು, ಕಪ್ಪು ಜಮಖಾನೆ, ನಡುವೆ ನೃತ್ಯಕ್ಕೆ ಜಾಗ. ಅಲ್ಲಿ ಉಣ್ಣಬೇಕಾದರೆ ಟಿಕೇಟಿನ ಹಣವಲ್ಲದೆ ಮೇಲೆ ಬೇರೆ ಹಣ ತೆರಬೇಕು. ಆದುದರಿಂದಲೇ ಅಲ್ಲಿ ಜಾಗ ಸಿಕ್ಕುವುದು ಪ್ರತಿಷ್ಠೆಯ ಮಾತಾಗಿತ್ತು. ಕಡಲನ್ನು ನೇರಾಗಿ ನೋಡಬೇಕೆನ್ನುವ ಧೈರ್ಯಶಾಲಿಗಳಿಗೂ ಒಂದು ಸ್ಥಳವಿತ್ತೆನ್ನಿ. ವಿಹಾರದ ಅಂತಸ್ತಿನ ಮುಂದುಗಡೆ, ಅರ್ಧಚಂದ್ರಾಕಾರದ ವೀಕ್ಷಣಾ ಲೌಂಜು. ಅಲ್ಲಿ ಪಾನೀಯದ ಬಟ್ಟಲನ್ನು ಕೈಯಲ್ಲಿ ಹಿಡಿದು, ಹಡಗಿನ ಮೂತಿ ಅಲೆಗಳನ್ನು ಸೀಳುವುದನ್ನು ಗಾಜಿನ ಮರೆಯಿಂದ ನೋಡಬಹುದಾಗಿತ್ತು.

ಕ್ಯಾಬಿನ್ನುಗಳ ಸ್ನಾನದ ತೊಟ್ಟಿಯದೊಂದು ವಿಶೇಷ. ಅದಕ್ಕೆ ನಾಲ್ಕು ನಲ್ಲಿಗಳು: ಸಿಹಿನೀರಿಗೆ ಎರಡು, ಉಪ್ಪುನೀರಿಗೆ ಎರಡು, ಒಂದೊಂದರಲ್ಲಿಯೂ ಬಿಸಿಯದು ಬೇರೆ, ತಣ್ಣನೆಯದು ಬೇರೆ. ಕಡಲಿನ ಸ್ನಾನ ಆರೋಗ್ಯಕರವೆಂಬ ನಂಬಿಕೆ ಆ ಕಾಲದವರಲ್ಲಿ ಬಲವಾಗಿತ್ತು. ಬಾಗಿಲು ಹಾಕಿಕೊಂಡು, ಬೇಕಾದಷ್ಟು ಬಿಸಿ ಮಾಡಿಕೊಂಡು, ಅಟ್ಲಾಂಟಿಕ್ಕನ್ನು ತೊಟ್ಟಿಯ ಅಳತೆಗೆ ತಂದುಕೊಳ್ಳಬಹುದಾಗಿತ್ತು.

ದಿನಚರಿಯೂ ಅಷ್ಟೇ ನಯವಾದುದು. ಬೆಳಿಗ್ಗೆ ಹಡಗಿನಲ್ಲಿಯೇ ಅಚ್ಚಾದ ದಿನಪತ್ರಿಕೆ. ಹನ್ನೊಂದಕ್ಕೆ ವಿಹಾರದ ಕಟ್ಟೆಯಲ್ಲಿ ಉದ್ದನೆಯ ಕುರ್ಚಿಯ ಮೇಲೆ ಕಂಬಳಿ ಹೊದ್ದು ಒರಗಿದವರ ಕೈಗೆ ಬಿಸಿಬಿಸಿ ಸಾರಿನ ಬಟ್ಟಲು. ಸಸ್ಯಾಹಾರಿಗಳಾದ ವಾಚಕರು ಕ್ಷಮಿಸಬೇಕು, ಅದು ಗೋಮಾಂಸದ ಸಾರು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹಡಗು ಎಷ್ಟು ಮೈಲಿ ಸಾಗಿತೆಂಬುದರ ಮೇಲೆ ಪ್ರಯಾಣಿಕರ ಪಂದ್ಯ. ಅಮೆರಿಕದ ಕಡೆಗೆ ಹೋಗುವಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತ ಹೋಗಬೇಕಾದುದರಿಂದ ದಿನಕ್ಕೆ ಇಪ್ಪತ್ತೈದು ಗಂಟೆಗಳಾಗಿ, ನಿದ್ದೆಗೆ ಒಂದು ಗಂಟೆ ಹೆಚ್ಚಿಗೆ ದೊರೆಯುತ್ತಿತ್ತು. ಮರಳಿ ಬರುವಾಗ ಅದನ್ನು ಒಪ್ಪಿಸಿಬಿಡಬೇಕು!

ಕ್ವೀನ್ ಮೇರಿಗಿಂತ ಒಂದು ವರ್ಷ ಮೊದಲು, 1935ರಲ್ಲಿ, ಫ್ರೆಂಚರು ‘ನಾರ್ಮಂಡಿ’ ಎಂಬ ನೌಕೆಯನ್ನು ಕಡಲಿಗೆ ಬಿಟ್ಟಿದ್ದರು. ಕಲೆಯ ದೃಷ್ಟಿಯಿಂದ ನಾರ್ಮಂಡಿಯೇ ಮೇಲೆಂದು ಅನೇಕ ವಿಮರ್ಶಕರ ಮತ. ಅದರ ಭೋಜನಶಾಲೆ 305 ಅಡಿ ಉದ್ದ, ಕಿಟಕಿಗಳೇ ಇಲ್ಲ, ಗಾಜಿನ ದೀಪಸ್ತಂಭಗಳ ಸಾಲು. ಆದರೆ ಅದರ ಬೆಡಗಿಗೆ ಬೆರಗಾದವರೆಲ್ಲ ಅದರಲ್ಲಿ ಟಿಕೇಟು ಕೊಳ್ಳಲಿಲ್ಲ. ನಾರ್ಮಂಡಿಯ ಕ್ಯಾಬಿನ್ನುಗಳು ಎಷ್ಟೋ ಸಲ ಅರ್ಧ ಬರಿದಾಗಿದ್ದಾಗ ಕ್ವೀನ್ ಮೇರಿ ತುಂಬಿ ಸಾಗುತ್ತಿತ್ತು. ಅರಮನೆಯನ್ನು ನೋಡಿ ಬರಲು ಎಲ್ಲರಿಗೂ ಆಸೆ. ಅಲ್ಲಿ ಚಪ್ಪಲಿ ಕಳಚಿ ಕಾಲು ಚಾಚಿ ಕೂಡುವುದಕ್ಕೆ ಸಂಕೋಚ. ಕ್ವೀನ್ ಮೇರಿಯ ಲೌಂಜಿನಲ್ಲಿ ಆ ಸಂಕೋಚವಿರಲಿಲ್ಲವೆಂಬುದು ಅದರ ಪ್ರಯಾಣಿಕರಲ್ಲಿ ಹಲವರ ಅನುಭವ. ಕಲಾವಿಮರ್ಶಕರು ಯಾವುದನ್ನು ಕೊರತೆಯೆಂದರೋ ಅದೇ ಅದರ ಗೆಲುವಾಯಿತು.

ಏತದ ಮರದ ನ್ಯಾಯ

ಇಷ್ಟೆಲ್ಲ ವರ್ಣನೆ ಮೊದಲ ದರ್ಜೆಯದಾಯಿತು. ಎರಡನೆಯದಾದ ಟೂರಿಸ್ಟ್ ದರ್ಜೆ, ಮೂರನೆಯ ದರ್ಜೆ, ಇವುಗಳಲ್ಲಿದ್ದವರೂ ಸಾವಿರಕ್ಕೆ ಮೇಲ್ಪಟ್ಟ ಮಂದಿ. ಅವರಿಗೂ ತಮ್ಮತಮ್ಮ ಲೌಂಜು, ಧೂಮಪಾನದ ಕೋಣೆ, ಮಕ್ಕಳ ಆಟದ ಕೋಣೆಗಳಿದ್ದವು. ಹಿಂದಿನ ತಲೆಮಾರಿನ ಬಡ ವಲಸೆಗಾರರು ಹಡಗಿನ ತಳದಲ್ಲಿ ಕುರಿಮಂದೆಯಂತೆ ಪಯಣಿಸಿದ್ದನ್ನು ನೆನೆದರೆ ಕ್ವೀನ್ ಮೇರಿಯ ಮೂರನೆಯ ದರ್ಜೆ ಸ್ವರ್ಗವೇ ಸರಿ. ಹಾಗಾದರೆ ದರ್ಜೆಗಳ ನಡುವಣ ನಿಜವಾದ ಅಂತರ ಯಾವುದು? ಮರದ ಹೊಳಪೆ? ಕುರ್ಚಿಯ ಮೆತ್ತೆಯೆ? ಅದಾವುದೂ ಅಲ್ಲ, ಜಾಗ.

ಏತದ ಮರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ನಡುವಣ ಭಾಗ ಅಲುಗುವುದು ಕಡಿಮೆ. ತುದಿಯಾದರೋ ಆಳಕ್ಕಿಳಿದು ಮುಗಿಲಿಗೇರುತ್ತದೆ. ಎದುರಲೆಯನ್ನು ಹತ್ತಿಳಿಯುವ ಹಡಗೂ ಹಾಗೆಯೇ. ಮೊದಲ ದರ್ಜೆಯವರಿಗೆ ಹಡಗಿನ ನಡುಭಾಗ ಮೀಸಲಾಗಿತ್ತು. ಮೂರನೆಯ ದರ್ಜೆಯವರು ಮುಂತುದಿಯಲ್ಲಿ, ಅಲೆಯ ಪೆಟ್ಟು ಮೊದಲು ಬೀಳುವೆಡೆಯಲ್ಲಿ. ಟೂರಿಸ್ಟ್ ದರ್ಜೆಯವರು ಹಿಂಭಾಗದಲ್ಲಿ, ನಾಲ್ಕು ಚಾಲಕಚಕ್ರಗಳು ನೀರನ್ನು ಕಡೆಯುವ ಅದುರಾಟ ಕಾಲಿಗೆ ತಾಕುವೆಡೆಯಲ್ಲಿ. ಮೊದಲ ವರ್ಷ ಈ ಅದುರಾಟ ಎಷ್ಟು ಹೆಚ್ಚಾಗಿತ್ತೆಂದರೆ, ಹಡಗನ್ನು ನಿಲ್ಲಿಸಿ ಚಕ್ರಗಳನ್ನೇ ಬದಲಿಸಿ ಹಿಂಭಾಗವನ್ನು ಬಿಗಿಮಾಡಬೇಕಾಯಿತು. ದುಡ್ಡು ಕೊಟ್ಟವನು ಕೊಂಡುಕೊಂಡದ್ದು ಮುಖ್ಯವಾಗಿ ನಿಶ್ಚಲತೆಯನ್ನು. ಹೊಳೆಯುವ ಮರ ಅದರ ಮೇಲಿನ ಹೊದಿಕೆ.

ಆದರೆ ಕಡಲಿಗೆ ಇನ್ನೊಂದು ವಿದ್ಯೆಯೂ ಗೊತ್ತು. ಹಿಂದುಮುಂದಿನ ಏರಿಳಿತವಲ್ಲದೆ ಹಡಗಿಗೆ ಪಕ್ಕದಿಂದ ಪಕ್ಕಕ್ಕೆ ಹೊರಳಾಟವೆಂಬುದೊಂದುಂಟು. ಅದಕ್ಕೆ ನಡುವೆಂದಿಲ್ಲ, ತುದಿಯೆಂದಿಲ್ಲ. ಎತ್ತರದಲ್ಲಿದ್ದವನಿಗೆ ಅದು ಇನ್ನೂ ಹೆಚ್ಚು. ಕ್ವೀನ್ ಮೇರಿ ಇದರಲ್ಲಿ ಕುಪ್ರಸಿದ್ಧವಾಯಿತು. ಇಷ್ಟು ದೊಡ್ಡ ಹಡಗನ್ನು ಅಲೆ ಏನು ಮಾಡೀತು ಎಂಬ ಭರವಸೆಯಿಂದ, ಕಟ್ಟಿದವರು ಮೊಗಸಾಲೆಗಳಲ್ಲಿ ಹಿಡಿದುಕೊಳ್ಳಲು ಕಂಬಿಗಳನ್ನೇ ಹಾಕಿರಲಿಲ್ಲ. ಕುರ್ಚಿ ಮೇಜುಗಳನ್ನು ನೆಲಕ್ಕೆ ಬಿಗಿದಿರಲಿಲ್ಲ. ಮೊದಲ ಚಳಿಗಾಲದ ಬಿರುಗಾಳಿಯಲ್ಲಿ ಹಡಗು ಒಂದು ಪಕ್ಕಕ್ಕೆ ನಿಧಾನವಾಗಿ ವಾಲಿತು. ಇನ್ನು ಮೇಲೇಳುವುದೋ ಇಲ್ಲವೋ ಎಂದು ಎದೆ ನಡುಗುವವರೆಗೆ ಹಾಗೆಯೇ ನಿಂತು, ಅಷ್ಟೇ ನಿಧಾನವಾಗಿ ಇನ್ನೊಂದು ಪಕ್ಕಕ್ಕೆ ಹೊರಳಿತು. ಆ ವೈಭವದ ಲೌಂಜಿನ ಕುರ್ಚಿಗಳು ಕೂತವರ ಸಮೇತ ಜಾರತೊಡಗಿದವು. ಗಾಯವಾದವರುಂಟು, ಮೂಳೆ ಮುರಿದುಕೊಂಡವರುಂಟು. ಅಡ್ಡಲಾಗಿ ಹಗ್ಗಗಳನ್ನು ಕಟ್ಟಿ, ಅದನ್ನು ಹಿಡಿದು ನಡೆಯುವಂತೆ ಮಾಡಬೇಕಾಯಿತು. 56 ಬಗೆಯ ಮರಗಳ ನಡುವೆ ಸಿರಿವಂತರು ನಾರಿನ ಹಗ್ಗಕ್ಕೆ ಜೋತುಬಿದ್ದರು! ಆಮೇಲೆ ಕಂಬಿಗಳು ಬಂದವು, ಪೀಠೋಪಕರಣಗಳು ಬಿಗಿಯಾದವು. ಹೊರಳಾಟ ಮಾತ್ರ ಉಳಿಯಿತು.

ಮೆತ್ತೆಗಳೆಲ್ಲ ಹೊರಬಿದ್ದಾಗ

1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು. ಬಣ್ಣದ ಹಡಗಿಗೆ ಬೂದುಬಣ್ಣ ಬಳಿದರು. ಜಮಖಾನೆ, ಕುರ್ಚಿ, ಚಿತ್ರಗಳೆಲ್ಲ ದಡ ಸೇರಿ ಉಗ್ರಾಣದಲ್ಲಿ ಬಿದ್ದುವು. ಲೌಂಜುಗಳಲ್ಲಿ, ನೀರು ಬಸಿದ ಈಜುಕೊಳದಲ್ಲಿ ಸಹ, ಒಂದರ ಮೇಲೊಂದರಂತೆ ಮಂಚಗಳ ಅಟ್ಟಣಿಗೆ ಎದ್ದಿತು. ಎರಡು ಸಾವಿರ ಮಂದಿಗೆಂದು ಕಟ್ಟಿದ ಹಡಗಿನಲ್ಲಿ ಹತ್ತು ಸಾವಿರ, ಹದಿನೈದು ಸಾವಿರ ಸೈನಿಕರು! 1943ರ ಜುಲೈಯ ಒಂದು ಯಾನದಲ್ಲಿ 16,683 ಮಂದಿ ಅದರಲ್ಲಿದ್ದರು. ಒಂದೇ ಹಡಗಿನಲ್ಲಿ ಅಷ್ಟು ಜನ ಅದಕ್ಕೆ ಮೊದಲು ಸಾಗಿದ್ದಿಲ್ಲ. ಮಲಗುವುದು ಸರದಿಯ ಮೇಲೆ. ಒಬ್ಬ ಎದ್ದ ಹಾಸಿಗೆಯ ಬಿಸಿ ಆರುವ ಮುನ್ನ ಇನ್ನೊಬ್ಬ. ದಿನಕ್ಕೆ ಎರಡೇ ಊಟ. ಸ್ಫಟಿಕದ ಹಡಗು ಸರಿಯುತ್ತಿದ್ದ ಭೋಜನಶಾಲೆ ಈಗ ಸಿಪಾಯಿಗಳ ಪಂಕ್ತಿ. ಹೊರಗಟ್ಟೆಯ ಮರದ ಕಂಬಿಗಳ ಮೇಲೆ ಹುಡುಗರು ಚೂರಿಯಿಂದ ತಮ್ಮ ಹೆಸರುಗಳನ್ನು ಕೆತ್ತಿದರು. ಹೆಸರು ಕೆತ್ತಿದವರಲ್ಲಿ ಎಷ್ಟು ಮಂದಿ ಮರಳಿ ಅದೇ ಹಡಗು ಹತ್ತಿದರೋ!

ಅಮೆರಿಕ, ಬ್ರಿಟನ್ನುಗಳ ನಡುವೆ ಚರ್ಚಿಲ್ಲರೂ ಯುದ್ಧಕಾಲದಲ್ಲಿ ಗುಪ್ತನಾಮದಿಂದ ಇದರಲ್ಲಿ ಓಡಾಡಿದರು. ವೇಗವೇ ಅದರ ಕವಚ. ಶತ್ರುವಿನ ಜಲಾಂತರ್ಗಾಮಿಗಳಿಗೆ ಅದನ್ನು ಹಿಂಬಾಲಿಸಲಾಗುತ್ತಿರಲಿಲ್ಲ. ಆದರೆ ಆ ವೇಗವೇ ಒಮ್ಮೆ ಘೋರವಾಯಿತು. 1942ರ ಅಕ್ಟೋಬರ್ 2ರಂದು ಐರ್ಲೆಂಡಿನ ಉತ್ತರಕ್ಕೆ, ತನ್ನ ರಕ್ಷಣೆಗೆಂದೇ ಬಂದಿದ್ದ ‘ಕುರಸೋವಾ’ ಎಂಬ ಯುದ್ಧನೌಕೆಯನ್ನು ಕ್ವೀನ್ ಮೇರಿ ಇಬ್ಭಾಗವಾಗಿ ಸೀಳಿಬಿಟ್ಟಿತು. ಸಾವಿರಾರು ಸೈನಿಕರನ್ನು ಹೊತ್ತ ಹಡಗು ಎಲ್ಲಿಯೂ ನಿಲ್ಲಕೂಡದೆಂದು ಅಪ್ಪಣೆಯಿತ್ತು. ನೀರಿಗೆ ಬಿದ್ದವರನ್ನು ಹಾಗೆಯೇ ಬಿಟ್ಟು ಮುಂದೆ ಸಾಗಬೇಕಾಯಿತು. ಮುನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಯುದ್ಧ ಮುಗಿಯುವ ತನಕ ಆ ಸುದ್ದಿಯನ್ನು ಹೊರಗೆ ಬಿಡಲಿಲ್ಲ.

ಶಾಂತಿಯಾದ ಮೇಲೆ, 1946ರಲ್ಲಿ, ಅಮೆರಿಕದ ಸೈನಿಕರನ್ನು ಮದುವೆಯಾದ ಸಾವಿರಾರು ಇಂಗ್ಲಿಷ್ ಹೆಣ್ಣುಮಕ್ಕಳು ಕಂಕುಳ ಕೂಸುಗಳೊಡನೆ ಇದೇ ಹಡಗನ್ನು ಹತ್ತಿದರು. ನಾಲ್ಕಾರು ವರ್ಷ ಪಡಿತರದ ಚೀಟಿಯ ಮೇಲೆ ಬದುಕಿದ್ದವರಿಗೆ ಬಿಳಿಯ ರೊಟ್ಟಿಯನ್ನೂ ಹಣ್ಣನ್ನೂ ಬೇಕಾದಷ್ಟು ಬಡಿಸುವ ಮೇಜೇ ದೊಡ್ಡ ಬೆರಗು. ಈ ಹಡಗಿನ ಸುಖವನ್ನು ನಿಜವಾಗಿ ಉಂಡವರು ಈ ಬಾಣಂತಿಯರೇ ಇರಬೇಕು. ಬಟ್ಟೆ ಒಣಹಾಕುವ ಹಗ್ಗಗಳು ಲೌಂಜಿನ ಅಲಂಕಾರಕ್ಕೆ ಒಪ್ಪಿದುವೋ ಇಲ್ಲವೋ, ಆ ಕೋಣೆಗಳಿಗೆ ಜೀವ ಬಂದಿತ್ತು.

1947ರಲ್ಲಿ ಮರಗಳಿಗೆ ಮತ್ತೆ ಹೊಳಪು ಕೊಟ್ಟು, ಕುರ್ಚಿಗಳನ್ನು ಮರಳಿ ತಂದು, ಯಾನ ಮೊದಲುಮಾಡಿದರು. ಅದಾದ ಹತ್ತು ವರ್ಷ ಸುಗ್ಗಿ. ಕೊನೆಗೆ ಹೊರಳಾಟಕ್ಕೂ ಮದ್ದು ಸಿಕ್ಕಿತು. 1958ರಲ್ಲಿ ಹಡಗಿನ ಅಡಿಯ ಎರಡೂ ಪಕ್ಕಗಳಲ್ಲಿ, ಮೀನಿನ ಈಜುರೆಕ್ಕೆಗಳಂತೆ ಚಾಚಿಕೊಳ್ಳುವ ಉಕ್ಕಿನ ರೆಕ್ಕೆಗಳನ್ನು ಕೂಡಿಸಿದರು. ಹಡಗು ಒಂದು ಪಕ್ಕಕ್ಕೆ ವಾಲಲು ತೊಡಗಿದೊಡನೆ ಅವು ತಾವಾಗಿ ಓರೆಯಾಗಿ, ನೀರಿನ ಒತ್ತಡದಿಂದಲೇ ಅದನ್ನು ಎತ್ತಿ ನಿಲ್ಲಿಸುತ್ತಿದ್ದವು. ಇಪ್ಪತ್ತೆರಡು ವರ್ಷಗಳ ಮೇಲೆ ಚಹದ ಬಟ್ಟಲು ಮೇಜಿನ ಮೇಲೆ ನೆಟ್ಟಗೆ ನಿಂತಿತು. ವಿಧಿಯ ವಿನೋದವೆಂದರೆ ಇದೇ: ಅದೇ 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕಿನ ಮೇಲೆ ಹಾರತೊಡಗಿದವು. ಐದು ದಿನದ ದಾರಿ ಒಂದು ರಾತ್ರಿಗಿಳಿಯಿತು. ಕಡಲನ್ನು ಮರೆಯಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಮತ್ತಾವುದು? ಮೇಲೆ ಕೂತು ಕಣ್ಣು ಮುಚ್ಚಿದರೆ ಕಡಲೇ ಇಲ್ಲ. ಅರವತ್ತರ ದಶಕದ ಕೆಲವು ಚಳಿಗಾಲದ ಯಾನಗಳಲ್ಲಿ ಕ್ವೀನ್ ಮೇರಿಯೊಳಗೆ ಪ್ರಯಾಣಿಕರಿಗಿಂತ ನೌಕರರೇ ಹೆಚ್ಚು. ಎತ್ತರದ ಲೌಂಜಿನಲ್ಲಿ ವಾದ್ಯದವರು ಬರಿದಾದ ಕುರ್ಚಿಗಳಿಗೆ ನುಡಿಸುವಂತಾಯಿತು.

ಕಂಪೆನಿ ಆಗ ಅದನ್ನು ಬಿಸಿಲಿನ ದ್ವೀಪಗಳ ಕಡೆಗೆ ವಿಹಾರಯಾನಕ್ಕೆ ಕಳುಹಿಸಿ ನೋಡಿತು. ಚಳಿಗೆಂದು ಬೆಚ್ಚಗೆ ಕಟ್ಟಿದ ಮನೆ ಬಿಸಿಲಿಗೆ ಹೇಗೆ ಒಗ್ಗೀತು? ಈಜುಕೊಳ ಒಡಲೊಳಗೆ, ಪ್ರಯಾಣಿಕರು ಬಯಸಿದ್ದು ಬಯಲಿನಲ್ಲಿ. ತಂಪು ಗಾಳಿಯ ಯಂತ್ರ ಹಡಗಿನ ಎಲ್ಲ ಕೋಣೆಗಳಿಗೂ ಇರಲಿಲ್ಲ. ಮರದ ಹೊದಿಕೆಯ ಕ್ಯಾಬಿನ್ನುಗಳಲ್ಲಿ ಜನ ಬೆವರಿದರು. ಇಂದಿನ ವಿಹಾರನೌಕೆಗಳದು ತಲೆಕೆಳಗಾದ ತತ್ತ್ವ. ಅವುಗಳಲ್ಲಿ ಹತ್ತಿದವನಿಗೆ ಮುಟ್ಟಬೇಕಾದ ಊರೇ ಇಲ್ಲ; ಹಡಗೇ ಊರು. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಕ್ವೀನ್ ಮೇರಿಯ ಮೂರರಷ್ಟು ಗಾತ್ರದ್ದು. ಮೇಲೆ ಜಾರುಬಂಡೆ, ಈಜುಕೊಳ, ನಡುವೆ ನಿಜವಾದ ಗಿಡಗಳ ತೋಟ. ಕಡಲನ್ನು ಮರೆಸುವ ವಿದ್ಯೆ ಅಲ್ಲಿ ಪೂರ್ಣವಾಗಿದೆಯೆನ್ನಬೇಕು.

1967ರ ಅಕ್ಟೋಬರ್ 31ರಂದು ಕ್ವೀನ್ ಮೇರಿ ಸೌತಾಂಪ್ಟನ್ನಿನಿಂದ ಕೊನೆಯ ಬಾರಿಗೆ ಹೊರಟಿತು. ಅಮೆರಿಕದ ಪಶ್ಚಿಮ ತೀರದ ಲಾಂಗ್ ಬೀಚ್ ನಗರ ಅದನ್ನು ಮೂವತ್ತನಾಲ್ಕೂವರೆ ಲಕ್ಷ ಡಾಲರಿಗೆ ಕೊಂಡಿತ್ತು. ಪನಾಮಾ ಕಾಲುವೆಯಲ್ಲಿ ಅದು ಹಿಡಿಸುವುದಿಲ್ಲ. ಆದುದರಿಂದ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು ಸುತ್ತಿ ಹೋಗಬೇಕು. ಉಷ್ಣವಲಯದ ಆ ದೀರ್ಘ ಯಾನದಲ್ಲಿ ಪ್ರಯಾಣಿಕರು ಸೆಕೆಯಿಂದ ಬಳಲಿದರೂ, ಹತ್ತಿದವರಿಗೆ ಆ ಕೊನೆಯ ಸಲದ ಅಭಿಮಾನವೇ ಸಾಕಾಗಿತ್ತು. ಲಂಡನ್ನಿನ ಎರಡು ಮಹಡಿ ಬಸ್ಸುಗಳೂ ಹಡಗಿನ ಮೇಲಿದ್ದುವು. ಅವುಗಳಲ್ಲಿ ಕೂತು, ಬಸ್ಸಿನಲ್ಲಿ ಕೇಪ್ ಹಾರ್ನ್ ಸುತ್ತಿದೆವೆಂದು ಹೇಳಿಕೊಳ್ಳುವ ವಿನೋದಕ್ಕೂ ಎಡೆಯಾಯಿತು. ಡಿಸೆಂಬರ್ 9ರಂದು ಹಡಗು ಲಾಂಗ್ ಬೀಚನ್ನು ಮುಟ್ಟಿತು.

ಅಲ್ಲಿ ಅದರ ಕುದಿಹಂಡೆಗಳನ್ನು ತೆಗೆದುಹಾಕಿದರು. ಇನ್ನು ಅದು ತಾನಾಗಿ ಎಲ್ಲಿಗೂ ಹೋಗಲಾರದು. ಎಪ್ಪತ್ತರ ದಶಕದ ಮೊದಲಿನಿಂದ ಅದು ಹೋಟಲು, ವಸ್ತುಸಂಗ್ರಹಾಲಯ. 2020ರ ಮಹಾಮಾರಿಯ ಕಾಲದಲ್ಲಿ ಬಾಗಿಲು ಮುಚ್ಚಿ, ದುರಸ್ತಿಯಾಗಿ, 2023ರಲ್ಲಿ ಮತ್ತೆ ತೆರೆಯಿತು. ವೀಕ್ಷಣಾ ಲೌಂಜಿನಲ್ಲಿ ಈಗ ಯಾರು ಬೇಕಾದರೂ ಕೂಡಬಹುದು. ದರ್ಜೆಯಿಲ್ಲ, ಗಾಜಿನಾಚೆ ಅಲೆಯೂ ಇಲ್ಲ. ಬಂದರಿನ ನೀರು ಕೊಳದಂತೆ ನಿಂತಿರುತ್ತದೆ. ಹಳೆಯ ಕ್ಯಾಬಿನ್ನುಗಳಲ್ಲಿ ತಂಗಿದವರು ಸ್ನಾನದ ತೊಟ್ಟಿಯ ಆ ನಾಲ್ಕು ನಲ್ಲಿಗಳನ್ನು ನೋಡಿ, ಕುತೂಹಲದಿಂದ ಒಂದೊಂದನ್ನೇ ತಿರುಗಿಸುತ್ತಾರೆ. ಸಿಹಿನೀರು ಬರುತ್ತದೆ, ಉಪ್ಪುನೀರಿನ ನಲ್ಲಿಗಳು ಒಣಗಿವೆ.